ಕಂಬಳಿಯ ಹಿಂದಿನ ದನಿ

ಸಾವಿನ ಮನೆಗಳಲ್ಲಿ ನನ್ನನ್ನು ಹೊಗಳುವವರು ಬಹಳ. ಕೇಳುವುದಕ್ಕೆ ವಿಚಿತ್ರ ಅನ್ನಿಸಬಹುದು, ಆದರೆ ನಲವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ನಡೆದುಬಂದದ್ದು ಇದೇ.

ಹುಮನಾಬಾದಿನ ಸುತ್ತಮುತ್ತಲ ನಮ್ಮ ಕ್ಯಾಥಲಿಕ್ ಮನೆಗಳಲ್ಲಿ ಯಾರು ತೀರಿಕೊಂಡರೂ ಮೃತರ ಬಲಿಪೂಜೆಗೆ, ಅಂದರೆ ರಿಕ್ವಿಯಂ ಮಾಸ್‌ಗೆ, ಒಂದೇ ರೆಕಾರ್ಡಿಂಗ್ ಹಾಕುತ್ತಾರೆ. ಒಂದು ಹಳ್ಳಿಯಲ್ಲಿ ಎರಡು ಮನೆ, ಇನ್ನೊಂದರಲ್ಲಿ ಮೂರು. ಹಾಡುವ ಕ್ವಾಯರ್ ಎಲ್ಲಿಂದ ಬರಬೇಕು? ಅದಕ್ಕೇ ಆಗಿನ ಫಾದರ್ ಮೋಟಾರ್ ಸೈಕಲ್ಲಿನ ಹಿಂದೆ ಟೇಪ್ ರೆಕಾರ್ಡರ್ ಕಟ್ಟಿಕೊಂಡು ಹೋಗುತ್ತಿದ್ದರು. ಆಮೇಲೆ ಸಿಡಿ ಬಂತು, ಈಗ ಫೋನು. ಹಾಡು ಮಾತ್ರ ಅದೇ. ಹಾಡಿದ್ದು ನಮ್ಮ ಕಾನ್ವೆಂಟಿನ ಹದಿನಾರು ಹೆಣ್ಣುಮಕ್ಕಳು, ಹಾರ್ಮೋನಿಯಂ ನನ್ನದು. ಕೊನೆಗೆ ಬೀಳ್ಕೊಡುವ ಹಾಡು ಮುಗಿಯುವಾಗ ಎಲ್ಲ ದನಿಗಳೂ ನಿಂತ ಮೇಲೆ, ನೆಲದೊಳಗಿಂದ ಬಂದಂತೆ, ಒಂದು ಮಂದ್ರ ಸ್ವರ ಉಳಿಯುತ್ತದೆ. ಐದಾರು ಕ್ಷಣ, ಅಷ್ಟೇ. ಮಂದಿ ಅಳುವುದು ಆಗಲೇ. ಮಣ್ಣು ಕೊಟ್ಟು ಬಂದ ಮೇಲೆ ಯಾರಾದರೂ ನನ್ನ ಕೈ ಹಿಡಿದುಕೊಳ್ಳುತ್ತಾರೆ.

“ಅಕ್ಕೋರೆ, ಕೊನಿಗಿ ನಿಮ್ಮ ಹಾರ್ಮೋನಿಯಂ ಹಿಡದು ನಿಲ್ತದ ನೋಡ್ರಿ, ಕರಳು ಹಿಂಡಿದಂಗ ಆಗ್ತದ.”

ನಾನು ತಲೆ ಬಾಗಿಸಿ “ಥ್ಯಾಂಕ್ ಯು” ಅನ್ನುತ್ತಿದ್ದೆ. ಹೊಗಳಿಕೆಯನ್ನು ಗ್ರೇಸ್‌ಫುಲ್ಲಾಗಿ ಸ್ವೀಕರಿಸಬೇಕೆಂದು ಕಾನ್ವೆಂಟಿನಲ್ಲಿ ಕಲಿಸಿದ್ದರು.

ಆ ಸ್ವರ ಹಾರ್ಮೋನಿಯಂದಲ್ಲ. ಅದು ನಮ್ಮ ಬೋರ್ಡಿಂಗಿನಲ್ಲಿ ಅಡುಗೆ ಮಾಡುತ್ತಿದ್ದವಳ ದನಿ. ನನಗೆ ಇದು ಮೊದಲ ದಿನದಿಂದಲೂ ಗೊತ್ತು. ಆಕೆಯ ಮಗಳು ಒಮ್ಮೆ, ಸುಳ್ಳು ಹೇಳಬಾರದಂಥ ದಿನದಲ್ಲಿ, ನೇರವಾಗಿ ಕೇಳಿದಾಗಲೂ ನಾನು ಹೇಳಲಿಲ್ಲ.

*

ಆ ರೆಕಾರ್ಡಿಂಗ್ ಮಾಡಿದಾಗ ನನಗೆ ಇಪ್ಪತ್ತೇಳು. ಅದೇ ಕಾನ್ವೆಂಟಿನಲ್ಲಿ ಓದಿ, ಅಲ್ಲಿಯೇ ಇಂಗ್ಲಿಷ್ ಟೀಚರ್ ಆಗಿದ್ದೆ. ಸಂಗೀತದ ಸಿಸ್ಟರ್ ಮಂಗಳೂರು ಕಡೆಯವರು. ರಿಕ್ವಿಯಂನ ಪ್ರಾರ್ಥನೆಗಳನ್ನು ಕನ್ನಡಕ್ಕೆ ತಂದು ತಾವೇ ಮಟ್ಟು ಹಾಕಿದ್ದರು. ಕ್ವಾಯರಿಗೆ ಅವರು ತಾಯಿ, ನಾನು ಪೊಲೀಸ್. ಡಿಕ್ಷನ್ ಸರಿಯಿಲ್ಲ, ಪೋಸ್ಚರ್ ಸರಿಯಿಲ್ಲ, ಉಸಿರು ಕೇಳಿಸುತ್ತದೆ ಎಂದು ನಾನು ಬೈಯುತ್ತಿದ್ದುದಕ್ಕೆ ಲೆಕ್ಕವಿಲ್ಲ.

ಫಾದರ್ ಹೈದರಾಬಾದಿನಿಂದ ಒಂದು ಸ್ಪೂಲ್ ಟೇಪ್ ಯಂತ್ರ ತರಿಸಿದರು. ಚಾಪೆಲ್ಲಿನಲ್ಲಿ ರೆಕಾರ್ಡ್ ಮಾಡುವಂತಿರಲಿಲ್ಲ. ಎದುರಿಗೇ ಸೋಲಾಪುರದ ಹೆದ್ದಾರಿ, ಲಾರಿಗಳ ಹಾರ್ನ್. ಹಿಂದಿನ ಡಾರ್ಮಿಟರಿ ಹಾಲಿಗೆ ಹೋದೆವು. ಅಲ್ಲಿ ಲಾರಿ ಕೇಳಿಸುತ್ತಿರಲಿಲ್ಲ, ಆದರೆ ತಗಡಿನ ಮಾಡು, ಬರೀ ಗೋಡೆ. ಒಂದು ಸ್ವರ ಹಾಡಿದರೆ ನಾಲ್ಕು ಕೇಳುತ್ತಿತ್ತು. “ಬಾವಿಯೊಳಗೆ ಇಳಿದು ಹಾಡಿದ ಹಾಗಿದೆಯಲ್ಲ ಮಾರಾಯ್ತಿ,” ಎಂದು ಸಿಸ್ಟರ್ ತಲೆ ಮೇಲೆ ಕೈ ಹೊತ್ತು ಕೂತರು.

ಅಡುಗೆಯವಳು ಅಕ್ಕಿಯ ಮೊರ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನಿರ್ಣಾ ಕಡೆಯ ಕುರಿ ಕಾಯುವ ಮನೆತನದವಳು. ಗಂಡ ತೀರಿಕೊಂಡ ಮೇಲೆ ಸಣ್ಣ ಮಗಳನ್ನು ಕಟ್ಟಿಕೊಂಡು ಬೋರ್ಡಿಂಗಿಗೆ ಬಂದಿದ್ದಳು.

“ಕಂಬಳಿ ತರ್ಲೇನ್ರಿ ಅಕ್ಕೋರೆ?” ಎಂದಳು. “ಮಳಿ ತಡೀತದ, ಚಳಿ ತಡೀತದ. ನಿಮ್ಮ ಹದಿನಾರು ಮಂದಿ ಗದ್ದಲ ತಡೀಲಾರದೇನು?”

ಹುಡುಗಿಯರು ನಕ್ಕರು. ನಾನು ನಗಲಿಲ್ಲ. ಆದರೆ ಮೂರನೆಯ ದಿನ ಆಕೆ, ಆಕೆಯ ಅಣ್ಣ, ಇಬ್ಬರೂ ಬಸ್ಸಿನ ಮೇಲೆ ಕರಿ ಕಂಬಳಿಗಳ ದೊಡ್ಡ ಗಂಟು ಹೇರಿಕೊಂಡು ಬಂದಿಳಿದರು. ಬೀಗರು, ನೆಂಟರು, ಎಲ್ಲರ ಹೆಗಲ ಮೇಲಿನ ಕಂಬಳಿ ಬೇಡಿ ತಂದಿದ್ದಳು. ಬಟ್ಟೆ ಒಣಗಿಸುವ ಹಗ್ಗಗಳನ್ನು ಗೋಡೆಯುದ್ದಕ್ಕೂ ಬಿಗಿದು ಕಂಬಳಿಗಳನ್ನು ತೂಗುಹಾಕಿದೆವು. ಹಾಲಿನ ತುಂಬ ಕುರಿಯ ವಾಸನೆ. ಸಿಸ್ಟರ್ ಏಳೆಂಟು ಸಲ ಸೀನಿದರು, ಆಮೇಲೆ ಒಂದು ಸ್ವರ ಹಾಡಿದರು. ಎಕೋ ಇಲ್ಲ. ಕಿವಿಯ ಹತ್ತಿರ ಕೂತು ಹಾಡಿದಂತೆ ಅಷ್ಟು ಸನಿಹ.

ಆಗ ಆಕೆ ಕೇಳಿದಳು: “ನಾನೂ ನಿಲ್ಲಲೇನ್ರಿ? ನನಗೂ ಎಲ್ಲಾ ಬರ್ತದ.”

ನಿಜಕ್ಕೂ ಬರುತ್ತಿತ್ತು. ತಿಂಗಳುಗಟ್ಟಲೆ ರಿಹರ್ಸಲ್ ಅಡುಗೆಮನೆಗೆ ಕೇಳಿಸಿತ್ತಲ್ಲ. ಹಾಡಿಸಿ ನೋಡಿದೆ. ಮಾತುಗಳು ಒಂದೂ ತಪ್ಪಲಿಲ್ಲ. ಆದರೆ ದನಿ ನಮ್ಮಲ್ಲಿ ತಗ್ಗು ದನಿಯ ಆಲ್ಟೋ ಹುಡುಗಿಯರಿಗಿಂತ ಒಂದು ಪೂರ್ತಿ ಸ್ಥಾಯಿ ಕೆಳಗೆ, ಗಂಡಸಿನಂತೆ, ಒರಟು. ನಮ್ಮದು ಇಸ್ತ್ರಿ ಮಾಡಿದ ಬಿಳಿ ಬಟ್ಟೆಯಂಥ ಕ್ವಾಯರ್. ನಾನು ಸಿಸ್ಟರಿಗೆ ಇಂಗ್ಲಿಷಿನಲ್ಲಿ, ಆಕೆಯ ಮುಂದೆಯೇ, “ಶೀ ವೋಂಟ್ ಬ್ಲೆಂಡ್,” ಇವಳ ದನಿ ಬೆರೆಯುವುದಿಲ್ಲ, ಎಂದೆ. ಸಿಸ್ಟರ್ ನನ್ನನ್ನೂ ಆಕೆಯನ್ನೂ ನೋಡಿ, “ಪಾಪ, ಕಂಬಳಿ ತಂದಿದ್ದಾಳೆ. ನಿನ್ನ ಕಿವಿ ಏನು ಹೇಳುತ್ತದೋ ಹಾಗೆ ಮಾಡು,” ಎಂದು ನನಗೇ ಬಿಟ್ಟರು.

ಬೇಡ ಎಂದು ಮುಖಕ್ಕೆ ಹೇಳಿದ್ದರೆ ಅದೊಂದು ಥರ. ನಾನು ಅದಕ್ಕಿಂತ ಸಣ್ಣ ಕೆಲಸ ಮಾಡಿದೆ. ಆಕೆಯನ್ನು ಸಾಲಿನ ಹಿಂದೆ, ಗೋಡೆಗೂ ಕಂಬಳಿಗೂ ನಡುವಿನ ಸಂದಿಗೆ ಕರೆದುಕೊಂಡು ಹೋಗಿ, “ನೀ ಇಲ್ಲಿ ನಿಲ್ಲು. ಬಾಯಿ ಆಡಸು, ಆವಾಜ್ ಬ್ಯಾಡ. ಮೈಕಿಗೆ ಹತ್ತಿದ್ರ ಎಲ್ಲಾ ಕೆಡ್ತದ,” ಎಂದೆ.

ಆಕೆ ಹೇಳಿದಳು: “ಸತ್ತೋರ ಹಾಡಿನ್ಯಾಗ ಸುಮ್ನ ನಿಂದ್ರಬಾರದ್ರಿ ಅಕ್ಕೋರೆ. ನಮ್ಮ ಮಂದ್ಯಾಗ ಹಾಡಾಕ ಬರಲಾರದಾಕಿನೂ ಹೆಣದ ಮುಂದ ಕೂತು ಹೂಂ ಅಂತ ದನಿ ಕೂಡಸ್ತಾಳ. ಸುಮ್ನಿದ್ರ ಹೋದೋರು ಒಬ್ಬರೇ ಹೋಗ್ತಾರ.”

“ಇಲ್ಲೆಲ್ಲಿ ಹೆಣ ಅದ? ಇದು ರೆಕಾರ್ಡಿಂಗ್.”

“ಇವತ್ತ ಇಲ್ರಿ. ಇದನ್ನ ಹಚ್ಚಿದಾಗೆಲ್ಲ ಇರ್ತದಲ್ರಿ.”

ನನಗೆ ಸಿಟ್ಟು ಬಂತು. ಆಕೆಯ ಮಾತು ಸರಿಯಾಗಿತ್ತು ಎಂಬುದಕ್ಕೇ ಬಂತೆಂದು ಈಗ ಅನ್ನಿಸುತ್ತದೆ. “ಹೇಳಿದಷ್ಟು ಕೇಳು,” ಎಂದು ಹಾರ್ಮೋನಿಯಂ ಮುಂದೆ ಬಂದು ಕೂತೆ.

ಹಾಡುಗಳು ಒಂದಾದ ಮೇಲೊಂದು ಚೆನ್ನಾಗಿಯೇ ಆದವು. ಇದ್ದದ್ದು ಒಂದೇ ಸ್ಪೂಲ್. ಕೊನೆಯ ಹಾಡಿಗೆ ಬರುವ ಹೊತ್ತಿಗೆ ಅದೂ ಮುಗಿಯುತ್ತಾ ಬಂದಿತ್ತು. ಹುಡುಗಿಯರು ಕೊನೆಯ ಮಾತು ಮುಗಿಸಿದರು. ನಾನು ಬೆರಳೆತ್ತಿದೆ. ಸ್ವರ ನಿಲ್ಲಲಿಲ್ಲ. ನನ್ನ ಬೆನ್ನ ಹಿಂದೆ, ಕಂಬಳಿಯ ಆಚೆ, ಆಕೆ ಹೂಂ ಎಂದು ಹಿಡಿದೇ ಇದ್ದಳು. ಬಾಯಿ ಮುಚ್ಚಿಕೊಂಡು. ನಾನು ಹೇಳಿದ್ದು ಬಾಯಿ ಆಡಿಸು, ದನಿ ಬೇಡ ಎಂದು. ಆಕೆ ಬಾಯಿ ಆಡಿಸದೆ ದನಿ ಕೊಟ್ಟಳು. ಆಮೇಲೆ ಟೇಪ್ ಪೂರ್ತಿ ಕೇಳಿದಾಗ ತಿಳಿಯಿತು, ಮೊದಲ ಹಾಡಿನಿಂದಲೂ ತಳದಲ್ಲಿ ಆ ಹೂಂ ಇತ್ತು, ನಮ್ಮನ್ನೆಲ್ಲ ಹೊತ್ತುಕೊಂಡು.

ಯಂತ್ರ ನಿಂತ ಮೇಲೆ ಸಿಸ್ಟರ್ ಕಣ್ಣು ತೆರೆದು ನನ್ನ ಕಡೆ ನೋಡಿದರು. ಕಣ್ಣಲ್ಲಿ ನೀರು. “ನಿನ್ನ ಹಾರ್ಮೋನಿಯಂಗೆ ಎಂಥ ಬೇಸ್! ಇಷ್ಟು ದಿನ ಎಲ್ಲಿ ಅಡಗಿಸಿಟ್ಟಿದ್ದಿ?”

ಕಾಲಲ್ಲಿ ತಿದಿ ಒತ್ತುವ ನಮ್ಮ ಹಾರ್ಮೋನಿಯಂನ ಕೆಳಗಿನ ಸ್ವರಗಳೆಲ್ಲ ಸತ್ತುಹೋಗಿದ್ದವು. ಹಿಂದಿನ ಮಳೆಗಾಲದಲ್ಲಿ ಇಲಿಗಳು ಒಳಗಿನ ಚರ್ಮ ತಿಂದು ಹಾಕಿದ್ದವು. ಅದು ನನಗೊಬ್ಬಳಿಗೇ ಗೊತ್ತಿತ್ತು. ನಾನು ಸುಮ್ಮನೆ ನಕ್ಕೆ. ಹಿಂದೆ ಕಂಬಳಿ ಸರಿದ ಸದ್ದಾಯಿತು. ಆಕೆ ಒಲೆಯ ಮೇಲೆ ಇಟ್ಟ ಅನ್ನ ನೋಡಲು ಹೋಗುತ್ತಿದ್ದಳು.

ಸ್ಪೂಲಿನಿಂದ ಕ್ಯಾಸೆಟ್ಟಿಗೆ ಇಳಿಸಿದಾಗ ಅದರ ಡಬ್ಬಿಯ ಕಾರ್ಡನ್ನು ಬರೆದವಳೂ ನಾನೇ. ಇಂಗ್ಲಿಷಿನಲ್ಲಿ, ಕಾನ್ವೆಂಟಿನ ಕೂಡುಬರಹದಲ್ಲಿ. ಹದಿನಾರು ಹೆಸರು, ಕೆಳಗೆ ಹಾರ್ಮೋನಿಯಂ ಎಂದು ನನ್ನ ಹೆಸರು.

*

ಆಕೆ ಎಂದೂ ಜಗಳಕ್ಕೆ ಬರಲಿಲ್ಲ. ನಮ್ಮವರ ಸಾವಿನ ಮನೆಗಳಲ್ಲಿ ಬಂದವರಿಗೆ ಅಡುಗೆ ಮಾಡಲು ಆಕೆಯನ್ನೇ ಕರೆಯುತ್ತಿದ್ದರು. ಟೇಪ್ ಹಚ್ಚಿದಾಗ ಸೌಟು ಕೆಳಗಿಟ್ಟು ಸೆರಗು ಹೊದ್ದು ನಿಲ್ಲುತ್ತಿದ್ದಳು. “ಇದರಾಗ ನಾನೂ ಇದ್ದೀನಿ,” ಅನ್ನುತ್ತಿದ್ದಳು.

“ಹೌದೌದು ಬಿಡವ್ವ, ಸಾರಿನ್ಯಾಗ ಉಪ್ಪು ಇದ್ದಂಗ ಇದ್ದಿ,” ಎಂದು ಹೆಂಗಸರು ಕಿಚಾಯಿಸುತ್ತಿದ್ದರು.

“ಉಪ್ಪು ತಗದು ಉಂಡು ನೋಡ್ರಿ ಮತ್ತ,” ಎಂದು ಆಕೆಯೂ ನಗುತ್ತಿದ್ದಳು. ನಗುತ್ತಲೇ ಒಮ್ಮೆ ನನ್ನ ಕಡೆ ನೋಡುತ್ತಿದ್ದಳು. ಆಗ ನನಗೆ ಜಪಸರದ ಮಣಿಗಳಲ್ಲಿ ಬಹಳ ಕೆಲಸವಿರುತ್ತಿತ್ತು.

ತಿಂಗಳಿಗೊಮ್ಮೆ ಕನ್ಫೆಷನ್‌ಗೆ ಹೋಗುವವಳು ನಾನು. ಸಿಟ್ಟು, ಚಾಡಿ, ತಪಸ್ಸುಕಾಲದ ಶುಕ್ರವಾರ ಮಾಂಸ ತಿಂದದ್ದು, ಎಲ್ಲ ಹೇಳಿದ್ದೇನೆ. ಇದನ್ನು ಹೇಳಿರಲಿಲ್ಲ. ಇದು ಪಾಪವಲ್ಲ, ಆರ್ಟಿಸ್ಟಿಕ್ ಡಿಸಿಷನ್ ಎಂದು ಹೆಸರಿಟ್ಟುಕೊಂಡಿದ್ದೆ.

ಎಂಟು ವರ್ಷದ ಹಿಂದೆ ಒಂದು ಬೆಳಗ್ಗೆ ಅಡುಗೆಯವಳ ಮಗಳು ಫೋನ್ ಮಾಡಿದಳು. ಮಗಳು ಬಸವಕಲ್ಯಾಣದಲ್ಲಿ ಖಾನಾವಳಿ ನಡೆಸುತ್ತಿದ್ದಳು, ತಾಯಿ ಕೊನೆಗೆ ಅಲ್ಲಿಯೇ ಇದ್ದಳು.

“ಅಕ್ಕೋರೆ, ಅವ್ವ ಹೋದಳ್ರಿ. ನಮ್ಮೂರು ನಿರ್ಣಾಕ ಒಯ್ಯಾಕತ್ತೀವಿ. ಒಂದು ಮಾತು ಕೇಳ್ತೀನಿ, ಖರೇ ಹೇಳ್ರಿ. ಆ ನಿಮ್ಮ ಹಾಡಿನ್ಯಾಗ ನಾ ಇದ್ದೀನಿ, ನಾ ಸತ್ತಾಗ ಅದನ್ನ ಹಚ್ಚು ಅಂತಿದ್ದಳು. ಇಲ್ಲಿ ನಮ್ಮ ಮಂದಿ ನಗಾಕತ್ತಾರ, ಯಾರದೋ ದೇವರ ಹಾಡು ನಮಗ್ಯಾಕ ಅಂತ. ಆಕಿ ದನಿ ಅದರಾಗ ಇದ್ರ ನಾ ಯಾರ ಮಾತೂ ಕೇಳಂಗಿಲ್ಲ, ಹಚ್ಚೇ ಹಚ್ಚತೀನಿ. ಅದ ಏನ್ರಿ?”

ಒಂದೇ ಒಂದು ಮಾತು ಸಾಕಿತ್ತು. ಆದರೆ ಆ ಒಂದು ಮಾತಿನ ಹಿಂದೆ ಕಂಬಳಿ, ಇಲಿ, ಹೊಗಳಿಕೆ, ಥ್ಯಾಂಕ್ ಯು, ಎಲ್ಲವೂ ಸಾಲಾಗಿ ಬರುತ್ತಿದ್ದವು. ನಾನು ಹೇಳಿದೆ: “ಇಲ್ಲವ್ವ. ಆಕಿ ಕಿಚನ್ನಿನ್ಯಾಗ ಇದ್ದಳು. ಕಂಬಳಿ ತಂದುಕೊಟ್ಟಿದ್ದಳು, ಅಷ್ಟೇ.”

“ಹೌದೇನ್ರಿ,” ಎಂದಳು. ಫೋನ್ ಇಟ್ಟಳು.

*

ಹೋದ ವರ್ಷ ನಮ್ಮ ಹೊಸ ಫಾದರ್ ಆ ಹಳೆಯ ಸ್ಪೂಲನ್ನು ಪೂಜಾಸಾಮಗ್ರಿಯ ಕಪಾಟಿನಲ್ಲಿ, ಒಂದು ಬಿಸ್ಕೆಟ್ ಡಬ್ಬಿಯೊಳಗೆ ಕಂಡುಹಿಡಿದರು. ಮಂದಿಯ ಫೋನುಗಳಲ್ಲಿರುವುದು ಕಾಪಿಯ ಕಾಪಿಯ ಕಾಪಿ, ಅದರಲ್ಲಿ ಹಾಡಿಗಿಂತ ಬುಸುಗುಡುವುದೇ ಹೆಚ್ಚು. ಮೂಲ ಟೇಪಿನಿಂದ ಮತ್ತೆ ಶುದ್ಧ ಮಾಡಿಸೋಣ, ರೀಮಾಸ್ಟರಿಂಗ್ ಮಾಡಿಸೋಣ ಎಂದರು. ಸಿಸ್ಟರ್ ಈಗಿಲ್ಲ, ಯಾವ ದನಿ ಎಲ್ಲಿ ಬರಬೇಕೆಂದು ತಿಳಿದವಳು ನಾನೊಬ್ಬಳೇ. ಹಾಗಾಗಿ ಬಸವಕಲ್ಯಾಣದ ಸ್ಟುಡಿಯೋಗೆ ನನ್ನನ್ನೇ ಕಳಿಸಿದರು.

ಸ್ಟುಡಿಯೋ ಎಂದರೆ ಭಾಂಡೆ, ಅಂದರೆ ಪಾತ್ರೆ, ಅಂಗಡಿಯ ಮೇಲಿನ ಒಂದು ಕೋಣೆ. ಕೆಳಗೆ ಕೊಡ ಬಿದ್ದರೆ ಮೇಲೆ ಕೆಲಸ ನಿಲ್ಲಿಸಬೇಕು. ನಡೆಸುವವರು ನಲವತ್ತೈದರ ಆಸುಪಾಸಿನ ಗೃಹಸ್ಥರು. ವಚನ ಗಾಯನ, ಭಜನೆ, ಮದುವೆಯ ಡಿಜೆ, ಎಲ್ಲ ಅವರ ಕೈಯಲ್ಲೇ. ಗೋಡೆಗೆ ತತ್ತಿಯ ಟ್ರೇ ಅಂಟಿಸಿದ್ದರು. ಹೈದರಾಬಾದಿನಿಂದ ಕಡ ತಂದ ಯಂತ್ರದಲ್ಲಿ ಸ್ಪೂಲ್ ಹಾಕಿ, ಹಾಡನ್ನೆಲ್ಲ ಕಂಪ್ಯೂಟರಿಗೆ ಇಳಿಸಿ, ಮೊದಲ ಸಾಲು ಕೇಳಿದ್ದೇ ಬೆರಗಾದರು.

“ಯಾವ ಸ್ಟುಡಿಯೋದ್ರಿ ಅಕ್ಕೋರೆ ಇದು? ಎಕೋ ಜರಾನೂ ಇಲ್ಲ. ನಾ ಇಷ್ಟು ತತ್ತಿ ಟ್ರೇ ಹಚ್ಚೀನಿ, ನನಗ ಇಂಥಾ ಸೌಂಡ್ ಸಿಗಂಗಿಲ್ಲ.”

“ಕುರಿ ಕಂಬಳಿ,” ಎಂದೆ. “ಗ್ವಾಡಿ ತುಂಬ ಕಂಬಳಿ ಕಟ್ಟಿದ್ವಿ.”

“ಅರೆ ವಾಹ್! ಯಾರ ತಲಿ ಇದು?”

“ಅಡಗಿ ಮಾಡಾಕಿ ಒಬ್ಬಾಕಿದು.”

ಅವರು ಬುಸುಗುಡುವುದನ್ನು ತೆಗೆದರು, ಚಟಪಟ ಸದ್ದುಗಳನ್ನು ತೆಗೆದರು. ತೀರಿಹೋದ, ಊರು ಬಿಟ್ಟುಹೋದ ಹುಡುಗಿಯರ ದನಿಗಳು ಮುಖ ತೊಳೆದುಕೊಂಡು ಬಂದಂತೆ ಒಂದೊಂದಾಗಿ ಹೊರಬಂದವು. ಕೊನೆಯ ಹಾಡು ಬಂತು.

“ಇಲ್ಲಿ ತಳದಾಗ ಒಂದು ಹಮ್ ಅದ ನೋಡ್ರಿ. ಕರೆಂಟಿಂದು ಇರಬೇಕು. ತಗದು ಒಗೀಲೇನ್ರಿ?”

ಸತ್ಯವಾಗಿ ಹೇಳುತ್ತೇನೆ, ಆ ಗಳಿಗೆಯಲ್ಲಿ ತೆಗೆದುಬಿಡಲಿ ಎಂದುಕೊಂಡೆ. ಇನ್ನು ಯಾರೂ ಹೊಗಳುವುದಿಲ್ಲ, ಯಾರೂ ಕೇಳುವುದಿಲ್ಲ, ಮುಗಿದೇಹೋಯಿತು. ಅವರು ಒಂದು ಗುಂಡಿ ಒತ್ತಿದರು. ಮತ್ತೆ ಹಚ್ಚಿದರು. ಹದಿನಾರು ದನಿ, ಸ್ವಚ್ಛ, ಬಿಳಿ. ನಾನು ಇಪ್ಪತ್ತೇಳರಲ್ಲಿ ಏನು ಬಯಸಿದ್ದೆನೋ ಅದೇ. ಕೊನೆಯ ಮಾತು ಮುಗಿದದ್ದೇ ತಟ್ಟನೆ ಏನೂ ಇಲ್ಲ.

ಅವರು ಮುಖ ಕಿವುಚಿದರು. “ಸಾಫ್ ಆಯ್ತು. ಆದ್ರ ಖಾಲಿ ಆಯ್ತಲ್ರಿ.” ತೆಗೆದದ್ದನ್ನು ತಿರುಗಿ ತಂದರು. ಪರದೆಯ ಮೇಲೆ ಹಾಡಿನ ಚಿತ್ರವನ್ನು ದೊಡ್ಡದು ಮಾಡಿ, ಕೆಳಗಿನ ಒಂದು ಗೆರೆಯ ಮೇಲೆ ಬೆರಳಿಟ್ಟರು. “ಕರೆಂಟಿನ ಹಮ್ ಆದ್ರ ಹಗ್ಗ ಬಿಗದಂಗ ಸೀದಾ ಇರ್ತದ. ಇದು ಅಳ್ಳಾಡಾಕತ್ತದ. ಇಲ್ಲಿ ನೋಡ್ರಿ, ಕಡದದ, ಮತ್ತ ಶುರು ಆಗ್ಯದ. ಉಸಿರು ತಗೊಂಡಾರ. ಮಷೀನ್ ಉಸಿರು ತಗೊಳ್ಳಂಗಿಲ್ಲ, ಹಾರ್ಮೋನಿಯಂನೂ ಹಿಂಗ ತಗೊಳ್ಳಂಗಿಲ್ಲ. ಯಾರ್ರಿ ಇವರು?”

ನಲವತ್ತು ವರ್ಷ ಯಾರೂ ಕೇಳದ ಪ್ರಶ್ನೆ. ಕೆಳಗೆ ಅಂಗಡಿಯಲ್ಲಿ ಯಾರೋ ಪಾತೇಲಿ ಬಡಿದು ನೋಡುತ್ತಿದ್ದರು. ಆ ಸದ್ದು ನಿಲ್ಲುವವರೆಗೆ ಕಾದು, ಎಲ್ಲ ಹೇಳಿದೆ. ಇಲಿಯ ತನಕ, ಫೋನಿನ ತನಕ.

ಅವರು ಮೌಸ್ ಬಿಟ್ಟು ನನ್ನ ಕಡೆ ತಿರುಗಿದರು. “ಕ್ವಾಟಿ ರಸ್ತಾದಾಗ ಖಾನಾವಳಿ ನಡಸೋ ಬಾಯಿಯವರೇನ್ರಿ ಆಕಿ ಮಗಳು? ನಾ ದಿನಾ ಅಲ್ಲೇ ಉಣ್ಣೋದು,” ಎಂದರು. ಆಮೇಲೆ ಆ ದನಿಯೊಂದನ್ನೇ ಬೇರೆ ಮಾಡಿ ನನ್ನ ಫೋನಿಗೆ ಹಾಕಿಕೊಟ್ಟರು. “ನಾ ಬರಂಗಿಲ್ರಿ. ಇದು ನೀವೇ ಒಯ್ಯೋದು.”

*

ಊಟದ ಗದ್ದಲ ಮುಗಿದಿತ್ತು. ಮಗಳು ಬಾಗಿಲ ಪಕ್ಕದ ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದಳು.

“ಅಯ್ಯ, ಅಕ್ಕೋರೆ! ಹಾದಿ ತಪ್ಪಿ ಬಂದೀರೇನ್ರಿ? ಅವ್ವ ಹೋದ ಮ್ಯಾಲ ಈ ಕಡಿ ಮಾರಿನೇ ಹಾಕಿಲ್ಲ. ಕೂಡ್ರಿ, ಉಣ್ಣಾಕ ಕೊಡ್ತೀನಿ.”

“ಊಟ ಆಮೇಲೆ. ಮೊದಲು ಇದನ್ನ ಕೇಳವ್ವ,” ಎಂದು ಫೋನನ್ನು ಹಿಟ್ಟಿನ ಡಬ್ಬಿಯ ಮೇಲಿಟ್ಟು ಹಚ್ಚಿದೆ.

ಹೂಂ ಎಂಬ ಆ ದನಿ ಶುರುವಾಯಿತು. ಬಡಿಯುವ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಉಬ್ಬಿ, ಕಂದಿ, ಹೊಗೆಯಾಡಿತು. ಆಕೆ ನೋಡಲಿಲ್ಲ.

“ಅವ್ವ,” ಎಂದಳು. “ಹಿಟ್ಟು ನಾದೋ ಮುಂದ ಹಿಂಗೇ ಅಂತಿದ್ದಳು. ಸಣ್ಣಾಕಿದ್ದಾಗ ತೊಡಿ ಮ್ಯಾಲ ಮಲಗಿದ್ರ ಇದು ನನ್ನ ನೆತ್ತ್ಯಾಗ ಗುಂಯ್‌ಗುಡ್ತಿತ್ತು. ಎಲ್ಲಿ ಸಿಕ್ತ್ರಿ ಇದು?”

“ಆ ಹಾಡಿನ್ಯಾಗ.”

ಫೋನು ತಾನಾಗಿ ನಿಂತಿತು. ಆಕೆ ಸುಟ್ಟ ರೊಟ್ಟಿಯನ್ನು ತೆಗೆದು ಬದಿಗೆ ಒಗೆದಳು.

“ನಾ ಆವತ್ತು ಕೇಳಿದಾಗ ನಿಮಗ ನೆನಪಿದ್ದಿಲ್ಲೇನ್ರಿ?” ಎಂದಳು. ನನಗೆ ಒಂದು ದಾರಿ ತೆರೆದುಕೊಟ್ಟಂತೆ ಕೇಳಿದಳು. ವಯಸ್ಸಾಗಿತ್ತು, ಮರೆತಿದ್ದೆ ಅಂದಿದ್ದರೆ ಸಾಕಿತ್ತು.

“ನೆನಪಿತ್ತು. ಗೊತ್ತಿತ್ತು. ಸುಳ್ಳು ಹೇಳಿದೆ.”

“ನಮ್ಮವ್ವ ಸಾಯೋತನಕ ಸುಳ್ಳು ಹೇಳಿದಾಕಿ ಅಲ್ರಿ. ಆಕಿ ಹೆಣದ ಮುಂದ ನಿಂತು ನಾ ಎಲ್ಲರಿಗೂ ಹೇಳಿದೆ, ಇಲ್ರಿ, ಅವ್ವ ಸುಮ್ನ ಅಂತಿದ್ದಳು ಅಂತ. ಎಲ್ಲಾರೂ ನಕ್ಕರು. ಹೂಂ ಅನ್ನೋ ಹಳೀ ಮುದುಕೇರೂ ಯಾರೂ ಉಳಿದಿದ್ದಿಲ್ಲ. ಸುಮ್ನ ಒಯ್ದು ಮಣ್ಣಾಗ ಇಟ್ವಿ.”

“ಸಾರಿ,” ಎಂದೆ. ಬಸ್ಸಿನಲ್ಲಿ ಯಾರದೋ ಕಾಲು ತುಳಿದಾಗ ಹೇಳುವ ಮಾತು ಅದು. ಬಾಯಿಂದ ಬಿದ್ದಮೇಲೆ ನನಗೇ ನಾಚಿಕೆಯಾಯಿತು. “ತಪ್ಪಾಯ್ತವ್ವ. ದೊಡ್ಡ ತಪ್ಪಾಯ್ತು.”

ಆಕೆ ಇನ್ನೊಂದು ಉಂಡೆ ಹಿಟ್ಟು ತೆಗೆದುಕೊಂಡು ಬಡಿಯತೊಡಗಿದಳು. ಹೊಸದಾಗಿ ಹಾಡು ಹೊರತರುವಾಗ ತಾಯಿಯ ದನಿಯನ್ನೇ ಬೇರೆಯಾಗಿ, ದೊಡ್ಡದಾಗಿ ಇಡಬಹುದು ಎಂದು ನಾನು ಹೇಳಿದೆ. ಹಾಗೆ ಹೇಳಿ ಏನನ್ನೋ ತೀರಿಸಿದಂತೆ ಅನ್ನಿಸಿತ್ತು.

“ಬ್ಯಾಡ್ರಿ. ಆಕಿ ಒಬ್ಬಾಕಿನೇ ಹಾಡಾಕ ನಿಂತಿದ್ದಿಲ್ಲ. ಮಂದಿ ಜೋಡಿ ನಿಂತಿದ್ದಳು, ಅಲ್ಲೇ ಇರಲಿ. ಹೆಸರು ಹಾಕ್ರಿ. ನನಗ ಓದಾಕ ಬರೋ ಹಂಗ ಹಾಕ್ರಿ. ಆ ಡಬ್ಬಿ ಮ್ಯಾಲಿನ ಇಂಗ್ಲಿಷ್ ನಾ ಎಷ್ಟು ಸಲ ತಿರುವಿ ತಿರುವಿ ನೋಡೀನಿ, ಒಂದು ಅಕ್ಷರ ತಿಳೀಲಿಲ್ಲ.” ರೊಟ್ಟಿಯನ್ನು ಹಂಚಿಗೆ ಹಾಕಿ ನೀರು ಸವರಿದಳು. “ಮತ್ತ ಇನ್ನೊಂದು. ಮಂದಿ ನಿಮ್ಮ ಹಾರ್ಮೋನಿಯಂ ಹೊಗಳ್ತಾರಂತಲ್ಲ, ಅವ್ವ ಹೇಳ್ತಿದ್ದಳು. ಇನ್ಮ್ಯಾಲ ಹೊಗಳಿದ್ರ ಏನಂತೀರಿ?”

ಅವ್ವ ಹೇಳುತ್ತಿದ್ದಳು. ಅಂದರೆ ಆಕೆಗೆ ಅದೂ ಗೊತ್ತಿತ್ತು. ಗೊತ್ತಿದ್ದೇ ನನ್ನ ಕಡೆ ನೋಡಿ ನಗುತ್ತಿದ್ದಳು.

“ಖರೇ ಹೇಳ್ತೀನಿ,” ಎಂದೆ.

“ನೋಡೂಣು,” ಎಂದು ತಾಟಿನಲ್ಲಿ ರೊಟ್ಟಿ, ಪುಂಡಿ ಪಲ್ಯ ಇಟ್ಟು ಮುಂದೆ ಸರಿಸಿದಳು. “ಉಣ್ರಿ. ಉಪವಾಸ ಕಳಿಸಿದ್ರ ಆಕಿ ನನಗ ಬೈತಾಳ.” ಖಾನಾವಳಿಯಲ್ಲಿ ಎರಡನೆಯ ರೊಟ್ಟಿಯನ್ನು ಕೇಳದೆಯೇ ಹಾಕುವುದು ರೂಢಿ. ಆಕೆ ಹಾಕಲಿಲ್ಲ. ನಾನೂ ಕೇಳಲಿಲ್ಲ.

*

ಈ ಸಲ ಹೆಸರುಗಳನ್ನು ಕನ್ನಡದಲ್ಲಿ ಬರೆದೆ. ಹದಿನೇಳು. ಹಾರ್ಮೋನಿಯಂ ಎಂಬುದರ ಎದುರು ನನ್ನ ಹೆಸರಿನ ಕೆಳಗೆ, ಕೆಳಸ್ವರಗಳು ಈ ವಾದ್ಯದವಲ್ಲ ಎಂದು ಒಂದು ಸಾಲು ಸೇರಿಸಿದೆ. ಕಂಬಳಿಗಳು ಯಾರವು ಎಂದೂ ಬರೆದೆ. ಮಗಳಿಗೆ ಒಂದು ಪ್ರತಿ ಕಳಿಸಿದೆ. ಮರುಮಾತು ಬಂದಿಲ್ಲ.

ಮೊನ್ನೆ ಕೊಹಿನೂರ ಹಳ್ಳಿಯ ಕಡೆಯ ಒಂದು ಮನೆಯಲ್ಲಿ ನಮ್ಮ ಹಳೆಯ ಪರಿಚಯದವರೊಬ್ಬರು ತೀರಿಕೊಂಡರು. ಸಣ್ಣದೊಂದು ಸ್ಪೀಕರಿನಲ್ಲಿ ಹೊಸ ರೆಕಾರ್ಡಿಂಗ್ ಹಚ್ಚಿದರು. ಎಲ್ಲ ದನಿ ನಿಂತವು. ಆಕೆ ಉಳಿದಳು, ಮೊದಲಿಗಿಂತ ಸ್ಪಷ್ಟವಾಗಿ, ಉಸಿರು ಸಹಿತ. ಮಣ್ಣು ಕೊಟ್ಟು ಬಂದ ಮೇಲೆ ಸತ್ತವರ ತಮ್ಮ, ನನ್ನಷ್ಟೇ ವಯಸ್ಸಿನ ಮುದುಕರು, ಬಂದು ನನ್ನ ಕೈ ಹಿಡಿದರು.

“ಅಕ್ಕೋರೆ, ನಿಮ್ಮ ಹಾರ್ಮೋನಿಯಂ...”

“ಅದು ಹಾರ್ಮೋನಿಯಂ ಅಲ್ರಿ,” ಎಂದೆ. “ಬೋರ್ಡಿಂಗಿನ್ಯಾಗ ಅಡಗಿ ಮಾಡ್ತಿದ್ದಳಲ್ಲ, ಆಕಿ ಹಾಡಿದ್ದು. ಇಷ್ಟು ದಿನ ನಾ ಹೇಳಿದ್ದಿಲ್ಲ.”

ಅವರು ನನ್ನನ್ನು ನೋಡಿದರು. ಕಣ್ಣು ತುಂಬಿಕೊಂಡಿತು. “ಭಾಳ ದೊಡ್ಡ ಮನಸು ನಿಮ್ಮದು. ತಮಗ ಬಂದ ಹೊಗಳಿಕಿ ಅಡಗಿ ಮಾಡಾಕಿಗಿ ಕೊಡೋದಂದ್ರ ಎಲ್ಲರಿಗೂ ಆಗಂಗಿಲ್ಲ.”

ನನ್ನ ಮುಖ ಕಾದ ಹಂಚಿನಂತಾಯಿತು. ತಪ್ಪೊಪ್ಪಿಕೊಂಡದ್ದಕ್ಕೂ ಹೊಗಳಿಕೆ ನನಗೇ ಬಂದಿತ್ತು. ತಲೆ ಬಾಗಿಸಿ ಥ್ಯಾಂಕ್ ಯು ಎಂದು ಹೊರಟುಬಿಡುವುದು ಎಷ್ಟು ಸುಲಭವಿತ್ತು, ಕಾಲುಗಳು ಆಗಲೇ ತಿರುಗಿದ್ದವು ಕೂಡ.

ಅವರ ಕೈ ಬಿಡದೆ ಬೇವಿನ ಮರದ ಕೆಳಗಿನ ಕಟ್ಟೆಗೆ ಕರೆದುಕೊಂಡು ಹೋದೆ. “ಇಲ್ಲಿ ಕೂಡ್ರಿ. ನೀವು ತಿಳಕೊಂಡಂಗ ಅಲ್ಲ, ಮೊದಲಿಂದ ಹೇಳ್ತೀನಿ,” ಎಂದೆ. ಅವರು ಕೂತರು. ನಾನು ಇಲಿಗಳಿಂದ ಶುರು ಮಾಡಿದೆ.